ಕಾಡುಕತ್ತೆಯ ರಣ್, ಎರೆಭೂತದ ಹುಲ್ಲುಗಾವಲು: ಎರಡು ಚಳಿಗಾಲ, ಎರಡು ಮರುಭೂಮಿ

ಒಂದು ಜನವರಿಯಲ್ಲಿ ಗುಜರಾತಿನ ಚಿಕ್ಕ ರಣ್ ಎಂಬ ಉಪ್ಪು ಬಯಲಿನಲ್ಲಿರುವ ಕಾಡುಕತ್ತೆ ಅಭಯಾರಣ್ಯಕ್ಕೆ ಹೋದೆ, ಮರುವರ್ಷ ಎರೆಭೂತ (ಗ್ರೇಟ್ ಇಂಡಿಯನ್ ಬಸ್ಟರ್ಡ್) ಎಂಬ ದೊಡ್ಡ ಹಕ್ಕಿಯನ್ನು ಹುಡುಕಿ ಜೈಸಲ್ಮೇರ್ ಬಳಿಯ ಮರುಭೂಮಿ ರಾಷ್ಟ್ರೀಯ ಉದ್ಯಾನಕ್ಕೆ. ಮೂರೇ ದಿನ ರಜೆ ಇರುವವರಿಗೆ ರಣ್ ಸಾಕು. ನನ್ನ ಮನಸ್ಸು ನೆಟ್ಟಿರುವುದು ಮಾತ್ರ ಜೈಸಲ್ಮೇರಿನಲ್ಲಿ.

ರಣ್‌ಗೆ ತಯಾರಿ ಕಡಿಮೆ. ಅಹಮದಾಬಾದಿನಿಂದ ರಸ್ತೆಯಲ್ಲಿ ಎರಡು ಮೂರು ಗಂಟೆ. ದಸಾಡಾ ಅಥವಾ ಝೈನಾಬಾದ್ ಕಡೆ ಉಳಿದುಕೊಂಡರೆ ಜೀಪು, ಮಾರ್ಗದರ್ಶಿ, ಪರವಾನಗಿ ಎಲ್ಲವೂ ಅಲ್ಲೇ ಕುದುರುತ್ತವೆ. ಪ್ರಾಣಿ ಕಾಣುತ್ತದೋ ಇಲ್ಲವೋ ಎಂಬ ಆತಂಕವೂ ಬೇಡ; 2024ರ ಗಣತಿಯಲ್ಲಿ ಸಿಕ್ಕ ಕಾಡುಕತ್ತೆಗಳು 7,672. ಮೊದಲ ಬೆಳಿಗ್ಗೆಯೇ ಹಿಂಡೊಂದು ಬಿಸಿಲುಗುದುರೆಯಲ್ಲಿ ಕಾಲಿಲ್ಲದಂತೆ ತೇಲುತ್ತಾ ಹೋಯಿತು. ಅದಕ್ಕಿಂತ ನೆಲವೇ ನನ್ನನ್ನು ಹಿಡಿದಿಟ್ಟಿತು. ಒಣಗಿದ ಕೆಸರು ಅಂಗೈಯಗಲದ ಬಿಲ್ಲೆಗಳಾಗಿ ಬಿರಿದಿತ್ತು. ಒಂದನ್ನು ಎತ್ತಿ ನೋಡಿದರೆ ಅಡಿಯಲ್ಲಿ ಇನ್ನೂ ಹಸಿ; ಬೆರಳಿಗಂಟಿದ ಮಣ್ಣು ನಾಲಿಗೆಗೆ ಅಚ್ಚ ಉಪ್ಪು. ಆದ್ದರಿಂದಲೇ ಸ್ವಂತ ಕಾರಿನಲ್ಲಿ ಜಾಡು ಬಿಟ್ಟು ಇಳಿಯಬಾರದು, ಚಕ್ರ ಹೂತುಹೋಗುತ್ತದೆ. ಮಳೆಗಾಲದಲ್ಲಿ ಬಯಲೆಲ್ಲ ನೀರು. ಜೂನ್ ಮಧ್ಯದಿಂದ ಅಕ್ಟೋಬರ್ ಮಧ್ಯದವರೆಗೆ ಪ್ರವೇಶವಿಲ್ಲ.

ಜೈಸಲ್ಮೇರಿನಲ್ಲಿ ನಾನು ಎಡವಿದ್ದು ವಸತಿಯ ಆಯ್ಕೆಯಲ್ಲಿ. 3,162 ಚದರ ಕಿಲೋಮೀಟರ್ ಉದ್ಯಾನ ಎಂದರೆ ಬೇಲಿ ಹಾಕಿದ ಕಾಡಲ್ಲ, ಒಳಗೆ ಊರುಗಳಿವೆ, ಕುರಿ ಮಂದೆಗಳಿವೆ. ಹಕ್ಕಿ ನೋಡುವವರಿಗೆ ಬೇಕಾದದ್ದು ಸುದಾಸರಿಯ ಹುಲ್ಲುಗಾವಲು. ನಾನು ಸಮ್ ಎಂಬಲ್ಲಿನ ಮರಳು ದಿಬ್ಬಗಳ ಬಳಿಯ ಡೇರೆಯಲ್ಲಿ ಉಳಿದೆ. ನಡುರಾತ್ರಿಯವರೆಗೆ ಧ್ವನಿವರ್ಧಕ, ಬೆಳಗಿನ ಜಾವ ಜೀಪಿಗಾಗಿ ಕಾಯುವುದು. ಸುದಾಸರಿ ಮುಟ್ಟುವಷ್ಟರಲ್ಲಿ ಬಿಸಿಲೇರಿತ್ತು. ಎರಡು ದಿನ ಹೀಗೇ ಕಳೆದವು. ಚಿಂಕಾರ ಎಂಬ ಪುಟ್ಟ ಜಿಂಕೆಯಂಥ ಪ್ರಾಣಿಗಳು ಸಿಕ್ಕವು, ರಣಹದ್ದುಗಳೂ ಸಿಕ್ಕವು, ಎರೆಭೂತ ಸಿಗಲಿಲ್ಲ.

ಮೂರನೆಯ ದಿನ ಕತ್ತಲಲ್ಲೇ ಹೊರಟೆ. ಒಂಟೆಗಾಡಿಯ ಮುದುಕರು ದಾರಿಯಲ್ಲಿ ಒಂದು ಬಿಲ ತೋರಿಸಿದರು, ಬಾಯಿಗೆ ಒಳಗಿನಿಂದಲೇ ಮಣ್ಣು ಮೆತ್ತಿತ್ತು. ಮುಳ್ಳುಬಾಲದ ಹಲ್ಲಿ ಚಳಿಗೆ ಬಾಗಿಲು ಹಾಕಿಕೊಂಡು ಮಲಗಿದೆ, ಬಿಸಿಲು ಕಾಲ ಬಂದ ಮೇಲೆಯೇ ಎದ್ದು ಬರುತ್ತದೆ ಎಂದರು. ಅದನ್ನು ನೋಡುತ್ತಾ ಬಗ್ಗಿದ್ದಾಗ ಅವರು ನನ್ನ ಭುಜ ಮುಟ್ಟಿದರು. ಸೇವಣ್ ಹುಲ್ಲಿನಾಚೆ ನೆಟ್ಟಗೆ ಎತ್ತಿದ ಬಿಳಿ ಕತ್ತು, ತಲೆಯ ಮೇಲೆ ಕಪ್ಪು ಟೋಪಿ. ಎರೆಭೂತ! ಇಡೀ ಭೂಮಿಯ ಮೇಲೆ ಕಾಡಿನಲ್ಲಿ ಉಳಿದಿರುವುದು ಇನ್ನೂರಕ್ಕೂ ಕಡಿಮೆ. ದುರ್ಬೀನಿನಲ್ಲಿ ನಾಲ್ಕೈದು ನಿಮಿಷ ನೋಡಿದೆ, ಕೈ ನಡುಗುತ್ತಿತ್ತು. ಹತ್ತಿರ ಹೋಗೋಣವೇ ಎಂದು ಅವರೂ ಕೇಳಲಿಲ್ಲ, ನಾನೂ ಕೇಳಲಿಲ್ಲ.

ಹೋಗುವವರು ನವೆಂಬರಿನಿಂದ ಫೆಬ್ರುವರಿಯೊಳಗೆ ಹೋಗಿ. ಅನುಮತಿಯನ್ನು ಮೊದಲೇ ಜೈಸಲ್ಮೇರಿನ ಅರಣ್ಯ ಕಚೇರಿಯಲ್ಲಿ ವಿಚಾರಿಸಿಕೊಳ್ಳಿ. ಗಡಿ ಹತ್ತಿರವಿರುವುದರಿಂದ ಕೆಲವು ಕಡೆ ಬೇರೆ ಅನುಮತಿಯೂ ಬೇಕು. ಉಣ್ಣೆಯ ಟೋಪಿ ಮರೆಯಬೇಡಿ, ಮುಂಜಾನೆಯ ಚಳಿ ಕಿವಿ ಕೊರೆಯುತ್ತದೆ. ಬರುವ ಚಳಿಗಾಲಕ್ಕೆ ನಾನು ಐದು ದಿನ ಎತ್ತಿಟ್ಟಿದ್ದೇನೆ, ಐದೂ ಸುದಾಸರಿಗೆ.