ಸೀರಿಯಲ್ ಕನ್ಸೋಲ್‌ಗೆ ಯಾವ ಕೇಬಲ್, ಯಾವ ಪ್ರೋಗ್ರಾಂ?

ಕಂಪ್ಯೂಟರ್ ಚೆನ್ನಾಗಿ ಓಡುತ್ತಿರುವಾಗ ನೆಟ್‌ವರ್ಕ್ ಮೂಲಕ ಒಳಹೋಗುವ ಎಸ್‌ಎಸ್‌ಎಚ್ ಸಾಕು. ಸೀರಿಯಲ್ ಕನ್ಸೋಲ್, ಅಂದರೆ ಸೀರಿಯಲ್ ಪೋರ್ಟಿಗೆ ಕೇಬಲ್ ಹಾಕಿ ಇನ್ನೊಂದು ಕಂಪ್ಯೂಟರಿನಿಂದ ಅದರ ಮೆಸೇಜ್ ನೋಡಿ ಟೈಪ್ ಮಾಡುವ ದಾರಿ, ಬೇಕಾಗುವುದು ಅದು ಕೆಟ್ಟು ನಿಂತ ಹೊತ್ತಿಗೆ. ಹಾಗಾಗಿ ನಾನು ಪ್ರತಿ ಕೇಬಲ್, ಪ್ರತಿ ಪ್ರೋಗ್ರಾಂ ಅನ್ನೂ ಒಂದೇ ಪ್ರಶ್ನೆ ಇಟ್ಟುಕೊಂಡು ನೋಡಿದೆ: ಬೂಟ್ ಅರ್ಧಕ್ಕೆ ನಿಂತಾಗ ಇದು ಕೈ ಹಿಡಿಯುತ್ತದಾ, ಕೈ ಕೊಡುತ್ತದಾ?

ಪ್ರಯೋಗ ನಡೆದದ್ದು ಮಾಟುಂಗದಲ್ಲಿ, ಪರಿಚಯದ ಶೆಟ್ರ ಹೋಟೆಲಿನಲ್ಲಿ. ಬಿಲ್ಲಿಂಗ್ ಸರ್ವರ್ ಅಂದರೆ ಡೆಬಿಯನ್ ಲಿನಕ್ಸ್ ಹಾಕಿದ ಹಳೆಯ ಪಿಸಿ. ಸ್ಟೋರ್ ರೂಮಿನ ಅಟ್ಟದ ಮೇಲೆ, ಎಣ್ಣೆ ಡಬ್ಬಗಳ ಪಕ್ಕ ಇದೆ. ಮುಂಬೈ ಅಲ್ವಾ, ಜಾಗ ಸಿಕ್ಕಲ್ಲಿ ಇಡಬೇಕು. ಕರೆಂಟ್ ಹೋಗಿ ಬಂದು ಅದು ಡಿಸ್ಕ್ ಚೆಕ್‌ನಲ್ಲಿ ನಿಂತರೆ ನೆಟ್‌ವರ್ಕ್ ಏಳುವುದಿಲ್ಲ. ಆಗ ಏಣಿ ಹಾಕಿ ಮಾನಿಟರ್ ಹತ್ತಿಸಬೇಕು. "ಇದೊಂದು ಬೇಡ ಮಾರಾಯ್ರೆ, ಕೆಳಗಿಂದಲೇ ಕಾಣುವ ಹಾಗೆ ಏನಾದ್ರೂ ಮಾಡಿ" ಅಂದರು ಶೆಟ್ರು.

ಮೊದಲು ಕೇಬಲ್ ಬೇಡದ ದಾರಿ ನೋಡಿದೆ, ನೆಟ್‌ಕನ್ಸೋಲ್. ಲಿನಕ್ಸಿನ ತಿರುಳಾದ ಕರ್ನಲ್ ತನ್ನ ಮೆಸೇಜ್‌ಗಳನ್ನು ನೆಟ್‌ವರ್ಕ್ ಮೇಲೆ ಯುಡಿಪಿಯಲ್ಲಿ, ಸಾಮಾನ್ಯವಾಗಿ 6666ನೇ ಪೋರ್ಟಿಗೆ, ಇನ್ನೊಂದು ಕಂಪ್ಯೂಟರಿಗೆ ಕಳಿಸುತ್ತದೆ. ಓಡುತ್ತಿರುವ ಸರ್ವರ್ ಇದ್ದಕ್ಕಿದ್ದಂತೆ ಬಿದ್ದರೆ ಕಾರಣ ಹುಡುಕಲು ಒಳ್ಳೆಯದು. ಆದರೆ ನೆಟ್‌ವರ್ಕ್ ಕಾರ್ಡ್ ಎದ್ದ ಮೇಲಷ್ಟೇ ಅದಕ್ಕೆ ಬಾಯಿ. ಕರ್ನಲ್‌ಗಿಂತ ಮೊದಲು ಏಳುವ ಬೂಟ್ ಪ್ರೋಗ್ರಾಂ ಗ್ರಬ್‌ನ ಮೆನು ಕಾಣುವುದಿಲ್ಲ. ರೂಟ್ ಪಾಸ್‌ವರ್ಡ್ ಕೇಳಿ ನಿಂತರೆ ಉತ್ತರ ಕೊಡಲು ದಾರಿಯೇ ಇಲ್ಲ, ಅದು ಮಾತಾಡುತ್ತದೆ, ಕೇಳಿಸಿಕೊಳ್ಳುವುದಿಲ್ಲ. ಇದನ್ನು ಅಲ್ಲಿಗೇ ಬಿಟ್ಟೆ. ಐಪಿಎಂಐ (ಸರ್ವರ್ ಬೋರ್ಡಿನಲ್ಲೇ ಇರುವ ದೂರನಿಯಂತ್ರಣ) ಇದ್ದವರಿಗೆ ಈ ಪಾಡೇ ಇಲ್ಲ, ಆದರೆ ಹಳೆಯ ಪಿಸಿಯಲ್ಲಿ ಅದು ಎಲ್ಲಿಂದ ಬರಬೇಕು.

ಸೀರಿಯಲ್‌ಗೆ ಸೆಟ್ಟಿಂಗ್ ಜಾಸ್ತಿ ಇಲ್ಲ. ಗ್ರಬ್ ಫೈಲಿನಲ್ಲಿ ಸೀರಿಯಲ್ ಟರ್ಮಿನಲ್ ಸೇರಿಸಿ, ಕರ್ನಲ್ ಸಾಲಿಗೆ "ಕನ್ಸೋಲ್=ಟಿಟಿವೈ0 ಕನ್ಸೋಲ್=ಟಿಟಿವೈಎಸ್0,115200ಎನ್8" ಹಾಕಿ, ಅಪ್‌ಡೇಟ್-ಗ್ರಬ್ ಓಡಿಸಿದರೆ ಆಯಿತು. ಲಾಗಿನ್ ಅನ್ನು, ಸರ್ವಿಸ್‌ಗಳನ್ನು ಶುರುಮಾಡುವ ಸಿಸ್ಟಂಡಿ ತಾನೇ ಎಬ್ಬಿಸುತ್ತದೆ. ಟಿಟಿವೈ0 ಅಂದರೆ ಮಾನಿಟರ್, ಟಿಟಿವೈಎಸ್0 ಅಂದರೆ ಮೊದಲ ಸೀರಿಯಲ್ ಪೋರ್ಟ್. ಎರಡರಲ್ಲಿ ಯಾವುದು ಕೊನೆಗೆ ಬರುತ್ತದೆ ಅನ್ನುವುದು ಮಾತ್ರ ಮುಖ್ಯ. ಎರಡೂ ರೀತಿ ಹಾಕಿ ನೋಡಿದೆ. ಟಿಟಿವೈ0 ಕೊನೆಗಿದ್ದಾಗ ಕರ್ನಲ್ ಮೆಸೇಜ್ ಸೀರಿಯಲ್‌ಗೂ ಬಂತು, ಆದರೆ ಆಮೇಲಿನ ಸರ್ವಿಸ್‌ಗಳ ಸುದ್ದಿಯೆಲ್ಲ ಇಲ್ಲದ ಮಾನಿಟರಿಗೆ ಹೋಯಿತು. ಕೊನೆಯದೇ ಮುಖ್ಯ ಕನ್ಸೋಲ್ ಆಗುವುದರಿಂದ ಸೀರಿಯಲ್ ಕೊನೆಗಿರಲಿ. ಅಂದ ಹಾಗೆ, ಮಾಮೂಲಿ ಪಿಸಿಯ ಬಯಾಸ್ ಪರದೆ ಇದರಲ್ಲಿ ಬರುವುದಿಲ್ಲ, ಅದಕ್ಕೆ ಏಣಿಯೇ ಗತಿ.

ವೇಗದ ವಿಷಯದಲ್ಲಿ ಚರ್ಚೆ ಬೇಡ. ಪೋರ್ಟಿನ ವೇಗ 9600 (ಸೆಕೆಂಡಿಗೆ ಇಷ್ಟು ಬಿಟ್) ಇದ್ದರೆ ಸೆಕೆಂಡಿಗೆ 960 ಅಕ್ಷರ. 80 ಕಾಲಂ, 25 ಸಾಲಿನ ಒಂದು ಪರದೆ ತುಂಬಲು ಎರಡು ಸೆಕೆಂಡ್ ಮೇಲೆ ಬೇಕು. ಗ್ರಬ್‌ನಲ್ಲಿ ಬಾಣದ ಕೀ ಒತ್ತಿದರೆ ಸಾಲು ಬಿಡಿಸಿಕೊಳ್ಳುವುದು ಕಣ್ಣಿಗೇ ಕಾಣುತ್ತದೆ, ಕರ್ನಲ್ ಕೂಡ ಬರೆಯುತ್ತಾ ಕಾಯುವುದರಿಂದ ಬೂಟ್ ಎಳೆಯುತ್ತದೆ. 115200 ಇಡಿ.

ಇನ್ನು ಕೇಬಲ್ ಕೊಳ್ಳಲು ಮುಂಬೈಯ ಲ್ಯಾಮಿಂಗ್ಟನ್ ರೋಡ್. ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ನಡೆದರೆ ಸಾಲುಸಾಲು ಅಂಗಡಿ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಸೀರಿಯಲ್ ಪೋರ್ಟ್ ಇರುವುದಿಲ್ಲ, ಯುಎಸ್‌ಬಿಯಿಂದ ಸೀರಿಯಲ್‌ಗೆ ಹೋಗುವ ಕೇಬಲ್ ಬೇಕು. ಸಣ್ಣ ಬೋರ್ಡ್ ತೋರಿಸಿದರೆ ತಗೋಬೇಡಿ. ಅದು 3.3 ಅಥವಾ 5 ವೋಲ್ಟಿನದು. ಪಿಸಿ ಹಿಂದಿನ ಆರ್‌ಎಸ್-232 ಪೋರ್ಟು ಪ್ಲಸ್‌ಗೂ ಮೈನಸ್‌ಗೂ 3ರಿಂದ 15 ವೋಲ್ಟ್ ತನಕ ಹೋಗುತ್ತದೆ, ಬೋರ್ಡ್ ಸುಟ್ಟೀತು. ಒಂಬತ್ತು ಪಿನ್ನಿನ ಡಿಬಿ9 ಇರುವುದನ್ನೇ ಕೇಳಿ. ಜೊತೆಗೆ ನಡುವೆ ಹಾಕುವ ನಲ್ ಮೋಡೆಮ್ ಕೇಬಲ್. "ಸ್ಟ್ರೇಟ್ ಕಿ ಕ್ರಾಸ್?" ಅಂತ ಅಂಗಡಿಯವರು ಕೇಳುತ್ತಾರೆ. ಕ್ರಾಸ್ ಅನ್ನಿ. ಅದರಲ್ಲಿ 2 ಮತ್ತು 3ನೇ ಪಿನ್ ಅದಲು ಬದಲಾಗಿರುತ್ತವೆ. ಸ್ಟ್ರೇಟ್ ನೋಡಲು ಹಾಗೇ ಇರುತ್ತದೆ, ಹಾಕಿದರೆ ಒಂದಕ್ಷರ ಬರುವುದಿಲ್ಲ.

ಒಳಗಿನ ಚಿಪ್ ಬೇರೆ ಬೇರೆಯಾದ ಮೂರು ಯುಎಸ್‌ಬಿ ಕೇಬಲ್‌ಗಳನ್ನು ಹಾಕಿ ನೋಡಿದೆ: ಪಿಎಲ್2303, ಸಿಎಚ್340, ಎಫ್‌ಟಿಡಿಐ ಕಂಪನಿಯದು. ಪಿಎಲ್2303 ಲಿನಕ್ಸಿನಲ್ಲಿ ಸುಮ್ನೆ ನಡೆಯಿತು. ವಿಂಡೋಸ್‌ನಲ್ಲಿ ಮಾತ್ರ ಹಳೆಯ ಚಿಪ್ಪನ್ನು ಹೊಸ ಡ್ರೈವರ್ ಒಪ್ಪುವುದಿಲ್ಲ. ಸಿಎಚ್340 ಎಲ್ಲಕ್ಕಿಂತ ಅಗ್ಗ. ಉಬುಂಟು 22.04 ಇದ್ದ ನನ್ನ ಲ್ಯಾಪ್‌ಟಾಪಿಗೆ ಸಿಕ್ಕಿಸಿದರೆ ಟಿಟಿವೈಯುಎಸ್‌ಬಿ0 (ಕೇಬಲ್‌ಗೆ ಲಿನಕ್ಸ್ ಕೊಡುವ ಹೆಸರು) ಬಂದ ಹಾಗೆ ಮಾಡಿ ಮಾಯ. ಕರ್ನಲ್ ಮೆಸೇಜ್ ತೋರಿಸುವ ಡಿಮೆಸೇಜ್ ನೋಡಿದರೆ ಕಳ್ಳ ಸಿಕ್ಕಿದ: ಬಿಆರ್‌ಎಲ್‌ಟಿಟಿವೈ. ಬ್ರೈಲ್ ಸಾಧನಗಳ ಸರ್ವಿಸ್ ಅದು. 1ಎ86:7523 ಅನ್ನುವ ಐಡಿ ಕಂಡರೆ ತನ್ನದೇ ಅಂತ ಎಳೆದುಕೊಳ್ಳುತ್ತದೆ. ಬ್ರೈಲ್ ಬೇಡದವರು ಅದನ್ನು ತೆಗೆದರೆ ಸರಿಹೋಗುತ್ತದೆ.

ಅಷ್ಟಾದರೆ ಅಗ್ಗದ್ದೇ ಸಾಕು ಅನ್ನುತ್ತಿದ್ದೆ. ಆದರೆ ನನ್ನ ಪ್ರಶ್ನೆ ಇರುವುದು ಕೆಟ್ಟು ನಿಂತ ಹೊತ್ತಿನದು. ಸರ್ವರ್ ಪೂರ್ತಿ ಅಲುಗಾಡದಿದ್ದಾಗ ಸೀರಿಯಲ್‌ನಲ್ಲಿ ಬ್ರೇಕ್ (ಅಕ್ಷರವಲ್ಲದ ಒಂದು ವಿಶೇಷ ಸಂಕೇತ) ಕಳಿಸಿ, ಐದು ಸೆಕೆಂಡಿನೊಳಗೆ ಎಸ್ ಒತ್ತಿದರೆ ಕರ್ನಲ್ ಡಿಸ್ಕಿಗೆ ಬರೆಯಬೇಕಾದ್ದನ್ನು ಬರೆಯುತ್ತದೆ. ಮತ್ತೆ ಬ್ರೇಕ್, ಯು ಒತ್ತಿದರೆ ಡಿಸ್ಕನ್ನು ಓದಲಷ್ಟೇ ಬಿಡುತ್ತದೆ. ಮತ್ತೊಮ್ಮೆ ಬ್ರೇಕ್, ಬಿ ಒತ್ತಿದರೆ ರೀಬೂಟ್. ಪ್ಲಗ್ ಕೀಳುವುದಕ್ಕಿಂತ ಎಷ್ಟೋ ವಾಸಿ. ಸಿಎಚ್340 ಜಾತಿಯ ಕೆಲವು ಚಿಪ್‌ಗಳಿಗೆ ನಿಜವಾದ ಬ್ರೇಕ್ ಬರುವುದೇ ಇಲ್ಲ. ಲಿನಕ್ಸ್ ಡ್ರೈವರ್ ವೇಗ ಇಳಿಸಿ ಒಂದು ಸೊನ್ನೆ ಕಳಿಸಿ ಬ್ರೇಕಿನಂತೆ ನಟಿಸುತ್ತದೆ. ಎಫ್‌ಟಿಡಿಐಗೆ ಆ ಕಷ್ಟ ಇಲ್ಲ. ಜೊತೆಗೆ ಅದರ ಚಿಪ್ಪಿಗೆ ತನ್ನದೇ ಸೀರಿಯಲ್ ನಂಬರ್ ಇರುವುದರಿಂದ ಎರಡು ಕೇಬಲ್ ಇದ್ದರೂ ಹೆಸರು ಕಲಸುವುದಿಲ್ಲ. ಬೆಲೆ ಜಾಸ್ತಿ, ನಕಲಿಯೂ ಜಾಸ್ತಿ. 2014ರಲ್ಲಿ ಆ ಕಂಪನಿಯ ವಿಂಡೋಸ್ ಡ್ರೈವರ್ ನಕಲಿ ಚಿಪ್‌ಗಳ ಐಡಿಯನ್ನು ಸೊನ್ನೆ ಮಾಡಿ ಕೂರಿಸಿದ್ದು ದೊಡ್ಡ ಗಲಾಟೆಯೇ ಆಗಿತ್ತು. ಆದರೂ ಹೋಟೆಲಿಗೆ ಎಫ್‌ಟಿಡಿಐ, ನನ್ನ ಬ್ಯಾಗಿಗೆ ಸಿಎಚ್340 ಅಂತ ತೀರ್ಮಾನ ಮಾಡಿದೆ.

ಲ್ಯಾಪ್‌ಟಾಪಿನಲ್ಲಿ ಕನ್ಸೋಲ್ ತೆರೆಯುವ ಪ್ರೋಗ್ರಾಂಗಳಲ್ಲಿ ಮಿನಿಕಾಂ ಹಳೆಯ ಹೆಸರು. ಆದರೆ ಹಾರ್ಡ್‌ವೇರ್ ಫ್ಲೋ ಕಂಟ್ರೋಲ್ (ಕಳಿಸುವ ಮುಂಚೆ ಬೇರೆ ತಂತಿಯಲ್ಲಿ ಆ ಕಡೆಯ ಒಪ್ಪಿಗೆ ಕಾಯುವುದು) ಆನ್ ಇಟ್ಟುಕೊಂಡೇ ಬರುತ್ತದೆ. ಮೂರೇ ತಂತಿಯ ಕೇಬಲ್ ಇದ್ದರೆ ಅಕ್ಷರ ಬರುತ್ತದೆ, ನಾವು ಟೈಪ್ ಮಾಡಿದ್ದು ಹೋಗುವುದಿಲ್ಲ. ಕಂಟ್ರೋಲ್-ಎ, ಓ ಒತ್ತಿ ಆಫ್ ಮಾಡಬೇಕು. ಸ್ಕ್ರೀನ್ ಅನ್ನುವ ಪ್ರೋಗ್ರಾಂ ಹೆಚ್ಚಿನ ಕಡೆ ಸಿಗುತ್ತದೆ, ಆದರೆ ಕಿಟಕಿ ಮುಚ್ಚಿದರೂ ಒಳಗೊಳಗೇ ಪೋರ್ಟ್ ಹಿಡಿದು ಕೂರುತ್ತದೆ. ಪಿಕೊಕಾಂಗೆ ಸೆಟ್ಟಿಂಗ್ ಫೈಲೇ ಬೇಡ, ಫ್ಲೋ ಕಂಟ್ರೋಲ್ ಇಲ್ಲದೆಯೇ ಶುರುವಾಗುತ್ತದೆ. ನನಗೆ ಹಿಡಿಸಿದ್ದು ಟಿಯೋ. ಕೇಬಲ್ ಕಿತ್ತು ಹಾಕಿದರೂ ತಾನೇ ಮತ್ತೆ ಸೇರಿಕೊಳ್ಳುತ್ತದೆ, ಲಾಗ್ ಬರೆದಿಡುತ್ತದೆ, ಕಂಟ್ರೋಲ್-ಟಿ, ಬಿ ಒತ್ತಿದರೆ ಬ್ರೇಕ್. ಕೌಂಟರಿನ ಪಕ್ಕ ಯಾರಾದರೂ ಕೇಬಲ್‌ಗೆ ಕಾಲು ತಾಗಿಸುವುದು ಇದ್ದದ್ದೇ, ಅಂಥಲ್ಲಿ ಇದೇ ಬೇಕು.

ಒಂದು ಕಿರಿಕಿರಿ ಎಲ್ಲದರಲ್ಲೂ ಉಳಿಯುತ್ತದೆ. ಕಿಟಕಿಯ ಅಳತೆ ಸೀರಿಯಲ್‌ನಲ್ಲಿ ಆ ಕಡೆಗೆ ತಿಳಿಯುವುದಿಲ್ಲ. ಫೈಲ್ ತಿದ್ದಲು ವಿಐ ಎಡಿಟರ್ ತೆರೆದರೆ ಸಾಲುಗಳು ಒಂದರ ಮೇಲೊಂದು ಬೀಳುತ್ತವೆ. ಲಾಗಿನ್ ಆದ ಕೂಡಲೇ "ಎಸ್‌ಟಿಟಿವೈ ರೋಸ್ 40 ಕೋಲ್ಸ್ 120" ಅಂತ ನಿಮ್ಮ ಕಿಟಕಿಗೆ ತಕ್ಕ ಅಳತೆ ಕೊಟ್ಟುಬಿಡಿ.