ಮುಂದಿನ ಬ್ರೇಕ್ ಮೆತ್ತಗಾದರೆ ಪಂಪ್ ಮಾಡಬೇಕೋ, ಸಿರಿಂಜ್ ಹಿಡಿಯಬೇಕೋ?

ಪುಣೆಯಲ್ಲಿ ಬೈಕ್ ಓಡಿಸುವವರಿಗೆ ಮುಂದಿನ ಬ್ರೇಕಿನ ಬೆಲೆ ಹೇಳಿಕೊಡಬೇಕಾಗಿಲ್ಲ. ಸಿಂಹಗಡ ಇಳಿಯುವಾಗ, ಕಾತ್ರಜ್ ಘಾಟ್‌ನಲ್ಲಿ ಲಾರಿ ಹಿಂದೆ ಸಿಕ್ಕಿಕೊಂಡಾಗ ನಮ್ಮ ಜೀವ ಬಲಗೈ ಬೆರಳುಗಳಲ್ಲೇ ಇರುತ್ತದೆ. ಲಿವರ್ ಮೆತ್ತಗಾಗಿ ಹ್ಯಾಂಡಲ್‌ವರೆಗೂ ಬಂತು ಅಂದ್ರೆ ಯಾವ ಗ್ಯಾರೇಜಿಗೆ ಹೋದರೂ ಒಂದೇ ಮಾತು: ಗಾಳಿ ಹಿಡಿದಿದೆ, ಬ್ಲೀಡ್ ಮಾಡಬೇಕು, ಅಂದರೆ ಬ್ರೇಕ್ ಆಯಿಲ್ ಹರಿಯುವ ಲೈನಿನಿಂದ ಗಾಳಿ ತೆಗೆಯಬೇಕು. ಹೇಗೆ ಅಂತ ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ದಾರಿ. ನನ್ನ ಹಳೆಯ 150 ಸಿಸಿ ಬೈಕಿಗೆ ಒಂದೇ ಡಿಸ್ಕ್, ಎಬಿಎಸ್ (ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಇಲ್ಲ. ಅದರಲ್ಲಿ ನಾಲ್ಕು ದಾರಿಯನ್ನೂ ಮಾಡಿ ನೋಡಿದ್ದೇನೆ.

ಪಾನಾ ಕೈಗೆತ್ತಿಕೊಳ್ಳುವ ಮೊದಲು ತೊಂದರೆ ಗಾಳಿಯದೇ ಹೌದಾ ಅಂತ ನೋಡಬೇಕು. ಲಿವರನ್ನು ಪಟಪಟ ಅಂತ ಒತ್ತಿದಾಗ ಗಟ್ಟಿಯಾಗುತ್ತಾ ಬಂದರೆ ಬಹುತೇಕ ಗಾಳಿಯೇ. ಒತ್ತಿ ಹಿಡಿದುಕೊಂಡೇ ಇದ್ದಾಗ ನಿಧಾನಕ್ಕೆ ಒಳಗೆ ಇಳಿಯುತ್ತಾ ಹೋದರೆ ಮಾಸ್ಟರ್ ಸಿಲಿಂಡರಿನ (ಲಿವರ್ ಪಕ್ಕದಲ್ಲಿದ್ದು ಆಯಿಲನ್ನು ತಳ್ಳುವ ಭಾಗ) ಸೀಲ್ ಹೋಗಿದೆ, ಇಲ್ಲವೇ ಎಲ್ಲೋ ಸೋರುತ್ತಿದೆ. ಆಗ ಎಷ್ಟು ಬ್ಲೀಡ್ ಮಾಡಿದರೂ ಸುಮ್ನೆ ಆಯಿಲ್ ದಂಡ. ಲಿವರ್ ಕಲ್ಲಿನಂತೆ ಗಟ್ಟಿ ಇದ್ದೂ ಗಾಡಿ ನಿಲ್ಲುತ್ತಿಲ್ಲವಾದರೆ ಪ್ಯಾಡ್ ನೋಡಿ: ಮೇಲ್ಮೈ ಹೊಳೆಯುತ್ತಿದೆಯಾ, ಫೋರ್ಕಿನ ಆಯಿಲ್ ಸೋರಿ ತಾಗಿದೆಯಾ? ಬ್ರೇಕ್ ಹಿಡಿದಾಗ ಲಿವರ್ ಬೆರಳಿಗೆ ಒದೆಯುತ್ತಿದ್ದರೆ ಡಿಸ್ಕ್ ಸೊಟ್ಟಗಾಗಿದೆ, ಇಲ್ಲವೇ ಒಂದೊಂದು ಕಡೆ ಒಂದೊಂದು ದಪ್ಪಕ್ಕೆ ಸವೆದಿದೆ.

ಲಿವರ್ ಬಿಟ್ಟ ಮೇಲೂ ಚಕ್ರ ಬಿಗಿ ಹಿಡಿದರೆ ಒಂದು ಒಳ್ಳೆಯ ಪರೀಕ್ಷೆ ಇದೆ. ಮುಂದಿನ ಚಕ್ರ ಎತ್ತಿ, ಕ್ಯಾಲಿಪರಿನ (ಪ್ಯಾಡ್‌ಗಳನ್ನು ಡಿಸ್ಕಿಗೆ ಒತ್ತುವ ಭಾಗ) ನಿಪ್ಪಲನ್ನು, ಅಂದರೆ ಗಾಳಿ, ಆಯಿಲ್ ಹೊರಬಿಡುವ ಸಣ್ಣ ತಿರುಪನ್ನು, ಒಂದು ಕ್ಷಣ ಸಡಿಲಿಸಿ ಮತ್ತೆ ಬಿಗಿ ಮಾಡಿ. ತಕ್ಷಣ ಚಕ್ರ ಸಲೀಸಾಗಿ ತಿರುಗಿದರೆ ಒತ್ತಡ ಲೈನಿನಲ್ಲಿ ಸಿಕ್ಕಿಕೊಂಡಿತ್ತು ಅಂತ. ಮಾಸ್ಟರ್ ಸಿಲಿಂಡರಿನ ವಾಪಸ್ ಬರುವ ಸಣ್ಣ ತೂತು ಕಟ್ಟಿರಬಹುದು, ಹೋಸ್ ಒಳಗೆ ಊದಿರಬಹುದು. ಆಗಲೂ ಬಿಗಿಯೇ ಇದ್ದರೆ ಪಿಸ್ಟನ್ ತುಕ್ಕು ಹಿಡಿದಿದೆ, ಇಲ್ಲವೇ ಕ್ಯಾಲಿಪರ್ ಜಾರುವ ಪಿನ್‌ಗಳು ಒಣಗಿವೆ. ಇಲ್ಲಿನ ಮಳೆಗಾಲ ಮುಗಿದ ಮೇಲೆ ಈ ಎರಡನೆಯದೇ ಜಾಸ್ತಿ.

ಗಾಳಿಯೇ ಅಂತ ಖಾತ್ರಿಯಾಯಿತು ಅಂದುಕೊಳ್ಳಿ. ಮೊದಲನೆಯದು ಎಲ್ಲರೂ ಮಾಡುವ ಪಂಪ್ ದಾರಿ. ನಿಪ್ಪಲಿಗೆ ಪಾರದರ್ಶಕ ಪೈಪ್ ಸಿಕ್ಕಿಸಿ, ಅದರ ತುದಿಯನ್ನು ಸ್ವಲ್ಪ ಆಯಿಲ್ ಇರುವ ಬಾಟಲಿಯಲ್ಲಿ ಮುಳುಗಿಸಬೇಕು. ಲಿವರ್ ಒತ್ತಿ ಹಿಡಿ, ನಿಪ್ಪಲ್ ಕಾಲು ಸುತ್ತು ಬಿಡು, ಬಿಗಿ ಮಾಡು, ಆಮೇಲೆ ಲಿವರ್ ಬಿಡು. ಇಬ್ಬರಿದ್ದರೆ ಹಗುರ. ನಮ್ಮ ಬಿಲ್ಡಿಂಗಿನ ವಿಜಯಪುರದ ಹುಡುಗ ಕೆಳಗೆ ಕೂತು "ಅಣ್ಣಾರ, ಗುಳ್ಳಿ ಬರಾಕತ್ತಾವ ನೋಡ್ರಿ" ಅಂತ ಹೇಳುತ್ತಿದ್ದರೆ ನನ್ನ ಕಣ್ಣು ಮೇಲಿನ ಆಯಿಲ್ ಡಬ್ಬಿಯ ಮೇಲೇ ಇರುತ್ತದೆ. ಅದು ಒಮ್ಮೆ ಖಾಲಿಯಾಯಿತೋ, ಗಾಳಿ ಒಳಗೆ ಹೋಗಿ ಮತ್ತೆ ಮೊದಲಿಂದ ಶುರು. ಇನ್ನೊಂದು ಜಾಗ್ರತೆ: ಹಳೆಯ ಗಾಡಿಯಲ್ಲಿ ಲಿವರನ್ನು ಪೂರ್ತಿ ಹ್ಯಾಂಡಲ್‌ಗೆ ತಾಗುವಂತೆ ಒತ್ತಬೇಡಿ. ದಿನವೂ ಅಷ್ಟು ದೂರ ಹೋಗದ ಸೀಲ್ ಅಲ್ಲಿನ ಕೊಳೆಗೆ ಉಜ್ಜಿ ಹರಿಯುತ್ತದೆ. ನಡುವೆ ಒಂದು ಮರದ ತುಂಡು ಇಟ್ಟರೆ ಸಾಕು.

ಹಳೆಯ ಆಯಿಲ್ ತೆಗೆದು ಹೊಸದು ತುಂಬಲು ಇದಕ್ಕಿಂತ ಒಳ್ಳೆಯ ದಾರಿ ಇಲ್ಲ. ಆದರೆ ಹೋಸ್ ಬಿಚ್ಚಿ ಲೈನ್ ಪೂರ್ತಿ ಒಣಗಿದ್ದಾಗ ಇದು ನನ್ನನ್ನು ಸತಾಯಿಸಿಬಿಟ್ಟಿದೆ. ಗಾಳಿ ಮೇಲಕ್ಕೆ ಹೋಗುವ ವಸ್ತು, ನಾವು ಅದನ್ನು ಕೆಳಕ್ಕೆ ತಳ್ಳುತ್ತಿರುತ್ತೇವೆ. ಲಿವರ್ ಬಿಟ್ಟಾಗಲೆಲ್ಲ ಅದು ಮತ್ತೆ ಮೇಲೇರುತ್ತದೆ.

ಎರಡನೆಯದು ನಿಪ್ಪಲಿನಿಂದ ಸಿರಿಂಜ್ ಹಾಕಿ ಎಳೆಯುವುದು. ನನಗೆ ಇದು ಇಷ್ಟವಾಗಲಿಲ್ಲ. ನಿಪ್ಪಲಿನ ಮರೆಗಳ (ತಿರುಪಿನ ಸುತ್ತುಗಳ) ಸಂದಿಯಿಂದ ಹೊರಗಿನ ಗಾಳಿಯೇ ನುಗ್ಗುತ್ತದೆ. ಪೈಪಿನಲ್ಲಿ ಗುಳ್ಳೆ ನಿಲ್ಲುವುದೇ ಇಲ್ಲ, ಒಳಗಿನದು ಖಾಲಿಯಾಯಿತೋ ಇಲ್ಲವೋ ತಿಳಿಯುವುದಿಲ್ಲ.

ಮೂರನೆಯದು ಅದೇ ಸಿರಿಂಜಿನಿಂದ ಕೆಳಗಿನಿಂದ ಮೇಲಕ್ಕೆ ತಳ್ಳುವುದು. ಒಣ ಲೈನಿಗೆ ನನ್ನ ಮತ ಇದಕ್ಕೇ. ಮೆಡಿಕಲ್ ಶಾಪಿನ ದೊಡ್ಡ ಸಿರಿಂಜಿನಲ್ಲಿ ಹೊಸ ಆಯಿಲ್ ತುಂಬಿ, ಪೈಪಿನ ಗಾಳಿ ತೆಗೆದು, ನಿಪ್ಪಲ್ ಬಿಟ್ಟು ನಿಧಾನಕ್ಕೆ ಒತ್ತಬೇಕು. ಮೇಲಿನ ಡಬ್ಬಿಯ ತಳದ ತೂತಿನಿಂದ ಮೊದಲು ದೊಡ್ಡ ಗುಳ್ಳೆಗಳು ಬುಳುಬುಳು ಅಂತ ಬರುತ್ತವೆ, ಆಮೇಲೆ ಸಾಸಿವೆ ಕಾಳಿನಷ್ಟು ಚಿಕ್ಕವು, ಆಮೇಲೆ ಬರೀ ಆಯಿಲ್. ಗಾಳಿ ತನ್ನ ದಾರಿಯಲ್ಲೇ ಹೋಗುವುದರಿಂದ ಕೆಲಸ ಬೇಗ. ಆದರೆ ಹಳೆಯ ಕಪ್ಪು ಆಯಿಲ್ ಇರುವಾಗ ಹೀಗೆ ಮಾಡಿದರೆ ಕ್ಯಾಲಿಪರಿನ ಕೆಸರೆಲ್ಲ ಮಾಸ್ಟರ್ ಸಿಲಿಂಡರಿಗೆ ಹೋಗುತ್ತದೆ, ಮೊದಲು ಪಂಪ್ ಮಾಡಿ ಅದನ್ನು ತೆಗೆಯಿರಿ. ಡಬ್ಬಿ ತುಂಬಿ ಚೆಲ್ಲದಂತೆ ನೋಡಿಕೊಳ್ಳಿ. ಬ್ರೇಕ್ ಆಯಿಲ್ ಟ್ಯಾಂಕಿನ ಪೇಂಟ್ ತಿನ್ನುತ್ತದೆ, ಪಕ್ಕದಲ್ಲಿ ನೀರು, ಬಟ್ಟೆ ಇರಲಿ.

ಲಿವರ್ ಒತ್ತಿ ರಬ್ಬರ್ ಪಟ್ಟಿಯಿಂದ ಕಟ್ಟಿ ರಾತ್ರಿ ಬಿಡುವುದು ನಾಲ್ಕನೆಯದು. ಹ್ಯಾಂಡಲ್ ತಿರುಗಿಸಿ ಆಯಿಲ್ ಡಬ್ಬಿ ಎಲ್ಲಕ್ಕಿಂತ ಮೇಲೆ ಬರುವ ಹಾಗೆ ನಿಲ್ಲಿಸಿರುತ್ತೇನೆ. ಬೆಳಿಗ್ಗೆ ಬಿಚ್ಚಿದಾಗ ಉಳಿದ ಚಿಲ್ಲರೆ ಗುಳ್ಳೆಗಳು ಮೇಲೆ ಬಂದು ಲಿವರ್ ಇನ್ನಷ್ಟು ಗಟ್ಟಿಯಾಗುತ್ತದೆ. ಇದೊಂದರಿಂದಲೇ ಒಣ ಲೈನ್ ಸರಿಹೋಗುವುದಿಲ್ಲ. ಆದರೂ ಮೆತ್ತಗೇ ಉಳಿದರೆ ಗುಳ್ಳೆ ಸಾಮಾನ್ಯವಾಗಿ ಮಾಸ್ಟರ್ ಸಿಲಿಂಡರಿನ ಬ್ಯಾಂಜೊ ಬೋಲ್ಟ್ (ಹೋಸನ್ನು ಅದಕ್ಕೆ ಜೋಡಿಸುವ ಬೋಲ್ಟ್) ಹತ್ತಿರ ಅಡಗಿರುತ್ತದೆ. ಸುತ್ತಲೂ ಬಟ್ಟೆ ಸುತ್ತಿ, ಲಿವರ್ ಒತ್ತಿ ಹಿಡಿದು ಆ ಬೋಲ್ಟನ್ನೇ ಚೂರು ಸಡಿಲಿಸಿ ಬಿಗಿದರೆ ಹೊರಗೆ ಬರುತ್ತದೆ. ಬೋಲ್ಟ್ ಪೂರ್ತಿ ಬಿಚ್ಚಿದರೆ ತಾಮ್ರದ ವಾಷರ್ ಹೊಸದೇ ಹಾಕಿ. ನಾನಾ ಪೇಠ್‌ನ ಸ್ಪೇರ್ ಅಂಗಡಿಗಳಲ್ಲಿ ಚಿಲ್ಲರೆ ಕಾಸಿಗೆ ಸಿಗುತ್ತದೆ.

ಮನೆಯಿಂದ ಹೊರಟಾಗ ಲಿವರ್ ಚೆನ್ನಾಗಿದ್ದು, ಘಾಟ್ ಇಳಿದಾಗ ಮೆತ್ತಗಾಗಿ, ತಣ್ಣಗಾದ ಮೇಲೆ ಮತ್ತೆ ಸರಿಯಾದರೆ ಕಥೆ ಬೇರೆ. ಆಯಿಲ್ ನೀರು ಹೀರಿಕೊಂಡು ಕುದಿಯುತ್ತಿದೆ. ಬ್ರೇಕ್ ಆಯಿಲಿನ ದರ್ಜೆಗೆ ಡಾಟ್ ಅಂತಾರೆ. ಡಾಟ್ 4 ಹೊಸದಾಗಿದ್ದಾಗ ಕನಿಷ್ಠ 230 ಡಿಗ್ರಿಯವರೆಗೆ ಕುದಿಯಬಾರದು, ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ಡಾಟ್ 3ಕ್ಕೆ ಅದೇ 205 ಮತ್ತು 140. ಗುಳ್ಳೆ ತೆಗೆದು ಪ್ರಯೋಜನವಿಲ್ಲ, ಆಯಿಲನ್ನೇ ಪೂರ್ತಿ ಬದಲಿಸಬೇಕು. 2 ವರ್ಷಕ್ಕೊಮ್ಮೆ ಬದಲಿಸುವುದು ವಾಡಿಕೆ. ಯಾವುದು ಹಾಕಬೇಕು ಅಂತ ಡಬ್ಬಿಯ ಮುಚ್ಚಳದ ಮೇಲೇ ಬರೆದಿರುತ್ತದೆ. ಡಾಟ್ 5 ಸಿಲಿಕೋನ್ ಜಾತಿಯದು, ಇವುಗಳ ಜೊತೆ ಬೆರೆಸಬಾರದು. ಡಾಟ್ 5.1 ಮಾತ್ರ ಡಾಟ್ 4ರ ಜಾತಿಯದೇ.

ಎಬಿಎಸ್ ಇರುವ ಗಾಡಿಯಲ್ಲಿ ಗಾಳಿ ಮಾಡ್ಯುಲೇಟರಿನೊಳಗೆ (ಬ್ರೇಕಿನ ಒತ್ತಡ ಹೆಚ್ಚು ಕಡಿಮೆ ಮಾಡುವ ಎಬಿಎಸ್ ಪೆಟ್ಟಿಗೆ) ಸಿಕ್ಕಿಕೊಂಡರೆ ಈ ನಾಲ್ಕೂ ಸಾಲದೇ ಹೋಗಬಹುದು. ಕೆಲವು ಮಾಡೆಲ್‌ಗಳಲ್ಲಿ ಸ್ಕ್ಯಾನರ್ ಹಚ್ಚಿ ಪಂಪ್ ಓಡಿಸಿಯೇ ತೆಗೆಯಬೇಕು. ಅದನ್ನು ಸರ್ವಿಸ್ ಸೆಂಟರಿಗೆ ಬಿಡಿ, ಕೆಲಸ ಮುಗಿದ ಮೇಲೆ ಗೇಟಿನೊಳಗೇ ನಿಧಾನಕ್ಕೆ ಓಡಿಸಿ ಬ್ರೇಕ್ ಹಿಡಿದು ನೋಡಿಯೇ ರಸ್ತೆಗೆ ಇಳಿಯಿರಿ.