ಬಾರ್ ಮಿಟ್ ಕೈ ಉಳಿಸಿತು, ಶೂ ಕವರ್ ತಲೆ ತಿಂದಿತು

ಇದು ಎರಡು ಸಾಮಾನುಗಳ ಬಗ್ಗೆ. ಒಂದು, ಸೈಕಲ್ ಹ್ಯಾಂಡಲ್‌ಗೆ ಸಿಕ್ಕಿಸುವ ಬಾರ್ ಮಿಟ್, ಅಂದರೆ ಹ್ಯಾಂಡಲ್ ಹಿಡಿದ ಕೈಯನ್ನು ಮುಚ್ಚುವ ಚೀಲ. ಇನ್ನೊಂದು, ಶೂ ಮೇಲೆ ಎಳೆದುಕೊಳ್ಳುವ, ನಿಯೋಪ್ರೀನ್ ಅನ್ನುವ ರಬ್ಬರ್ ಬಟ್ಟೆಯ ಕವರ್. ಎರಡನ್ನೂ ಒಂದೇ ಚಳಿಗಾಲದಲ್ಲಿ ತಗೊಂಡೆ. ಆಮೇಲೆ ಬಂದ ಚಳಿಗಾಲಗಳಲ್ಲೂ ಬಿಡದೆ ಬಳಸಿದ್ದೇನೆ. ಅಳತೆ, ತೂಕ, ಬಣ್ಣ ಎಲ್ಲ ಮಾರುವವರೇ ಹಾಕಿರುತ್ತಾರೆ, ಅದನ್ನು ನೋಡಿಕೊಳ್ಳಿ.

ನಾನು ಬೆಳಗ್ಗೆ ಬೇಗ ಸೈಕಲ್‌ನಲ್ಲಿ ಕೆಲಸಕ್ಕೆ ಹೋಗುವವನು. ನೇರ ಹ್ಯಾಂಡಲ್, ನಿಧಾನದ ಸವಾರಿ, ರೇಸ್ ಗೀಸ್ ಏನೂ ಇಲ್ಲ. ಬೆರಳು ಮಾತ್ರ ಬೇಗ ಮರಗಟ್ಟುತ್ತವೆ. ಬ್ಯಾಟರಿಯಲ್ಲಿ ಬಿಸಿಯಾಗುವ ಗ್ಲೌಸ್ ಸಿಗುತ್ತವೆ, ಗೊತ್ತು. ಆದರೆ ಅಷ್ಟು ದುಡ್ಡು ಕೊಟ್ಟು, ದಿನಾ ರಾತ್ರಿ ಚಾರ್ಜ್‌ಗೆ ಹಾಕುವ ಇನ್ನೊಂದು ವಸ್ತುವನ್ನು ಮನೆಗೆ ತರುವ ಮನಸ್ಸು ನನಗಿಲ್ಲ.

ಮೊದಲು ಕೈ. ಚಳಿ ಹೆಚ್ಚಾದಾಗ ನಮ್ಮ ಮೈ ಎದೆ ಹೊಟ್ಟೆಯ ಬಿಸಿ ಉಳಿಸಿಕೊಳ್ಳಲು ನೋಡುತ್ತದೆ, ಅದಕ್ಕಾಗಿ ಬೆರಳುಗಳ ರಕ್ತ ಕಡಿಮೆ ಮಾಡುತ್ತದೆ. ಸೈಕಲ್ ಮೇಲೆ ಕೈ ಎಲ್ಲಕ್ಕಿಂತ ಮುಂದೆ ಇರುತ್ತದೆ, ಅಲುಗಾಡುವುದೂ ಇಲ್ಲ. ಜೊತೆಗೆ ಗಾಳಿಯನ್ನು ನಾವೇ ಹುಟ್ಟಿಸಿಕೊಳ್ಳುತ್ತೇವೆ. ಸೊನ್ನೆ ಡಿಗ್ರಿ ಇದ್ದಾಗ ಗಂಟೆಗೆ 20 ಕಿ.ಮೀ. ವೇಗದಲ್ಲಿ ಹೋದರೆ ಬರಿ ಚರ್ಮಕ್ಕೆ ಮೈನಸ್ 5ರ ಹತ್ತಿರದ ಚಳಿ ಅನಿಸುತ್ತದೆ. ಒಂದೆಲೆ ಅಲುಗದ ದಿನವೂ ಅಷ್ಟೇ. ಗ್ಲೌಸ್ ದಪ್ಪ ಮಾಡುತ್ತಾ ಹೋದರೆ ಬೆರಳು ಬಿಸಿಯಾಗಿರಬಹುದು, ಆದರೆ ಬ್ರೇಕ್ ಎಷ್ಟು ಒತ್ತಿದೆ ಅಂತ ಗೊತ್ತಾಗುವುದಿಲ್ಲ, ಗೇರ್ ಒಂದು ಹಾಕಲು ಹೋದರೆ ಎರಡು ಬೀಳುತ್ತದೆ, ಬೀಗ ತೆಗೆಯಲು ಗ್ಲೌಸ್ ಕಳಚಿದರೆ ಅಲ್ಲಿಗೆ ಎಲ್ಲ ಬಿಸಿಯೂ ಹೋಯಿತು.

ಬಾರ್ ಮಿಟ್ ಇದನ್ನು ತಿರುಗಾಮುರುಗಾ ಮಾಡುತ್ತದೆ. ಗಾಳಿ ತಡೆಯುವ ಕೆಲಸ ಹ್ಯಾಂಡಲ್‌ನದು, ಕೈ ಒಳಗೆ ಆರಾಮಾಗಿ ಕೂತಿರುತ್ತದೆ. ತೆಳು ಉಣ್ಣೆ ಗ್ಲೌಸ್ ಸಾಕು. ಮನೆ ಬಿಟ್ಟಾಗ ಮಿಟ್ ಒಳಗೆ ಸೈಕಲ್‌ನಷ್ಟೇ ತಣ್ಣಗಿರುತ್ತದೆ, ಸ್ವಲ್ಪ ಹೊತ್ತು ತಾಳ್ಮೆ ಬೇಕು. ಅರ್ಧ ದಾರಿ ಆಗುವಷ್ಟರಲ್ಲಿ ಆ ಗ್ಲೌಸನ್ನೂ ಒಂದೊಂದಾಗಿ ಹಲ್ಲಲ್ಲಿ ಕಚ್ಚಿ ಎಳೆದು ಜೇಬಿಗೆ ತುರುಕುತ್ತೇನೆ. ಬರಿ ಬೆರಳಲ್ಲಿ ಬ್ರೇಕ್ ಹಿಡಿಯುವ ಸುಖ ಚಳಿಗಾಲದಲ್ಲಿ ಸಿಗುತ್ತದೆ ಅಂತ ನಾನು ಅಂದುಕೊಂಡೇ ಇರಲಿಲ್ಲ. ಎಡಗಡೆ ಮಿಟ್‌ನೊಳಗೆ ಒಂದು ಕರವಸ್ತ್ರ ಯಾವಾಗಲೂ ಇರುತ್ತದೆ. ಚಳಿಯಲ್ಲಿ ಸೈಕಲ್ ಹೊಡೆದರೆ ಮೂಗು ಸೋರುತ್ತದೆ ಅಲ್ವಾ, ಸಿಗ್ನಲ್‌ನಲ್ಲಿ ನಿಂತಾಗ ಬೆಚ್ಚಗಿನ ಕರವಸ್ತ್ರ ಕೈಗೆ ಸಿಗುತ್ತದೆ. ಬೆಲ್ ಕೂಡ ಒಳಗೇ ಇದೆ, ಹೆಬ್ಬೆರಳಿಗೆ ಸಿಗುತ್ತದೆ. ಸದ್ದು ಮಾತ್ರ ಕಂಬಳಿ ಹೊದ್ದುಕೊಂಡು ಕೆಮ್ಮಿದ ಹಾಗೆ ಬರುತ್ತದೆ, ಅದಕ್ಕೆ ಬಾಯಲ್ಲೇ ಕೂಗುತ್ತೇನೆ.

ಕಿರಿಕಿರಿ ಇಲ್ಲ ಅಂತಲ್ಲ. ತಿರುಗಲು ಕೈ ತೋರಿಸಿ ಮತ್ತೆ ಒಳಗೆ ಹಾಕುವಾಗ ಮಿಟ್‌ನ ಬಾಯಿ ಮಡಚಿಕೊಂಡಿದ್ದರೆ ಒಂದು ಕೈಯಲ್ಲಿ ತಡಕಾಡಬೇಕು. ಬಾಯಿ ಗಟ್ಟಿಯಾಗಿ ತೆರೆದೇ ನಿಲ್ಲುವಂಥದ್ದನ್ನು ನೋಡಿ ತಗೊಳ್ಳಿ. ಕೆಲವದರಲ್ಲಿ ಬಾಯಿ ಬಿಗಿಯುವ ದಾರ ಇರುತ್ತದೆ, ಅದನ್ನು ನಾನು ಬಿಗಿಯುವುದೇ ಇಲ್ಲ. ಬಿದ್ದರೆ ಕೈ ತಕ್ಷಣ ಹೊರಗೆ ಬರಬೇಕು. ಬಾಗಿದ ಹ್ಯಾಂಡಲ್ ಇದ್ದವರಿಗೂ ಬೇರೆ ಮಾದರಿ ಸಿಗುತ್ತದೆ, ಆದರೆ ಅದರಲ್ಲಿ ಕೈ ಇಡುವ ಜಾಗ ಬದಲಿಸಿದರೆ ಚೀಲದಿಂದ ಹೊರಗೆ ಬಂದಂತೆ. ನೋಡಲು ಚೆನ್ನಾಗಿಲ್ಲ, ಒಪ್ಪುತ್ತೇನೆ. ನೋಡುವವರ ಬೆರಳು ಮರಗಟ್ಟಿರುವುದಿಲ್ಲವಲ್ಲ.

ಈಗ ಶೂ ಕವರ್. ಇಲ್ಲಿ ನನ್ನ ಒಳ್ಳೆಯ ಮೂಡ್ ಮುಗಿಯುತ್ತದೆ.

ಹಿಮ್ಮಡಿ ಹಿಂದೆ ಜಿಪ್ ಇದೆ. ಅದನ್ನು ಎಳೆಯಬೇಕಾದರೆ ಒಂಟಿ ಕಾಲಲ್ಲಿ ನಿಂತು, ಇನ್ನೊಂದು ಕಾಲನ್ನು ಹಿಂದಕ್ಕೆ ಮಡಚಿ, ಬೆನ್ನು ತಿರುಚಿ, ಎರಡೂ ಕೈಯಲ್ಲಿ ರಬ್ಬರ್ ಬಟ್ಟೆಯ ಎರಡು ಅಂಚು ಹತ್ತಿರ ತಂದು, ಮೂರನೇ ಕೈಯಲ್ಲಿ ಜಿಪ್ ಎಳೆಯಬೇಕು. ಮೂರನೇ ಕೈ ಯಾರಿಗಿದೆ? ಇದು ದಿನಾ ಬೆಳಗ್ಗೆ, ಎರಡೂ ಕಾಲಿಗೆ. ರಸ್ತೆಯ ಕೆಸರು ಹಿಂದಿನ ಚಕ್ರದಿಂದ ನೇರ ಅದೇ ಜಿಪ್‌ಗೆ ಸಿಡಿಯುತ್ತದೆ. ಹಿಮ ಕರಗಿಸಲು ಉಪ್ಪು ಹಾಕುವ ರಸ್ತೆಯಾದರೆ ಇನ್ನೂ ಚಂದ, ಲೋಹದ ಹಲ್ಲು ಬೇಗ ತುಕ್ಕು ಹಿಡಿಯುತ್ತದೆ. ಮೊದಲ ಚಳಿಗಾಲ ಮುಗಿಯುವ ಮೊದಲೇ ಒಂದು ಜಿಪ್ ಕಚ್ಚಿಕೊಂಡು ಕೂತಿತು. ಬದಲಿ ಕೇಳಿದರೆ, ಜಿಪ್ ಸವೆಯುವ ಭಾಗ, ವಾರಂಟಿ ಬರುವುದಿಲ್ಲ ಅಂದರು. ಈಗ ಬಳಸುವ ಮುಂಚೆ ಮೇಣದ ತುಂಡು ಉಜ್ಜುತ್ತೇನೆ, ಹೇಗೋ ನಡೆಯುತ್ತಿದೆ.

ಜಿಪ್ಪನ್ನು ಸಹಿಸಿಕೊಳ್ಳಬಹುದಿತ್ತು, ಕಾಲು ಬೆಚ್ಚಗಿದ್ದಿದ್ದರೆ. ಮೊದಲ ಅರ್ಧ ಗಂಟೆ ಬೆಚ್ಚಗಿರುತ್ತದೆ, ಸುಳ್ಳು ಹೇಳಬಾರದು. ಆಮೇಲೆ ಕಾಲ್ಬೆರಳು ಕೆಳಗಿನಿಂದ ತಣ್ಣಗಾಗಲು ಶುರು. ಕವರ್ ಮುಚ್ಚುವುದು ಮೇಲ್ಭಾಗವನ್ನು. ಪಾದದ ಅಡಿಯಲ್ಲಿ ಕ್ಲೀಟ್‌ಗೆ, ಅಂದರೆ ಶೂವನ್ನು ಪೆಡಲ್‌ಗೆ ಸಿಕ್ಕಿಸುವ ಕೊಂಡಿಗೆ ಅಂತ ದೊಡ್ಡ ತೂತೇ ಇದೆ. ಲೋಹದ ಕ್ಲೀಟು, ಲೋಹದ ಪೆಡಲು, ಬಿಸಿ ಅಲ್ಲಿಂದ ಸದ್ದಿಲ್ಲದೆ ಇಳಿದು ಹೋಗುತ್ತದೆ. ನಿಯೋಪ್ರೀನ್ ಒಳಗಿನ ಬೆವರನ್ನೂ ಹೊರಗೆ ಬಿಡುವುದಿಲ್ಲ. ಹಾಗಾಗಿ ಸಾಕ್ಸ್ ಒದ್ದೆಯಾಗುತ್ತದೆ, ಒದ್ದೆ ಸಾಕ್ಸ್ ಇನ್ನಷ್ಟು ತಣ್ಣಗಾಗುತ್ತದೆ.

ಹರಿದು ಬಿಸಾಕುವ ಬಿಸಿ ಪೊಟ್ಟಣ ಹಾಕಿ ನೋಡಿ ಅಂತ ತುಂಬ ಜನ ಹೇಳುತ್ತಾರೆ. ಅದರೊಳಗಿರುವುದು ಕಬ್ಬಿಣದ ಪುಡಿ, ಗಾಳಿ ತಾಗಿ ತುಕ್ಕು ಹಿಡಿಯುವಾಗ ಬಿಸಿ ಕೊಡುತ್ತದೆ. ಬಿಗಿ ಶೂ, ಅದರ ಮೇಲೆ ರಬ್ಬರ್ ಕವರ್, ಗಾಳಿ ಎಲ್ಲಿಂದ ಬರಬೇಕು? ಕೆಲಸದ ಜಾಗ ತಲುಪಿ ಹೊರಗೆ ತೆಗೆದು ಮೇಜಿನ ಮೇಲಿಟ್ಟರೆ, ಸತ್ತಿತ್ತು ಅಂದುಕೊಂಡ ಪೊಟ್ಟಣ ಆಗ ಬಿಸಿಯಾಗಲು ಶುರುಮಾಡುತ್ತದೆ! ಬಿಸಿ ಮೇಜು ನನಗೆ ಬೇಕಿರಲಿಲ್ಲ. ಕಾಲಿಗೆ ಅಂತಲೇ ಮಾಡಿದ ಪೊಟ್ಟಣ ಸ್ವಲ್ಪ ವಾಸಿ, ಕಡಿಮೆ ಗಾಳಿಯಲ್ಲೂ ನಡೆಯುತ್ತದೆ. ಆದರೆ ದಿನಾ ಒಂದು ಜೊತೆ ಬಿಸಾಕುವುದು ನನ್ನ ಜೇಬಿಗೂ ಒಗ್ಗುವುದಿಲ್ಲ, ಮನಸ್ಸಿಗೂ ಒಗ್ಗುವುದಿಲ್ಲ.

ಕೊನೆಗೆ ಕೆಲಸಕ್ಕೆ ಬಂದಿದ್ದು ಅಗ್ಗದ ಉಪಾಯ. ಶೂ ಒಳಗಿನ ಅಟ್ಟೆ ಎತ್ತಿ, ಶೂ ತಳದಲ್ಲಿ ಕ್ಲೀಟ್ ಕೂರಿಸುವ ತೂತಿನ ಮೇಲೆ ಟೇಪ್ ಅಂಟಿಸಿದೆ. ಅದರ ಮೇಲೆ ಉಣ್ಣೆಯ ಅಟ್ಟೆ. ಕವರ್ ಕೊಡದ ಬಿಸಿಯನ್ನು ಇವೆರಡೇ ಕೊಟ್ಟವು. ತುಂಬ ಚಳಿಯ ವಾರಗಳಲ್ಲಿ ಚಪ್ಪಟೆ ಪೆಡಲ್ ಹಾಕಿ, ಮಾಮೂಲಿ ಚಳಿಗಾಲದ ಬೂಟು ಮೆಟ್ಟಿಕೊಂಡು ಹೋಗುತ್ತೇನೆ, ಕವರ್ ಗೋಜೇ ಇಲ್ಲ. ಕಾಲು ಜಾಸ್ತಿ ಮರಗಟ್ಟಿದರೆ ಇಳಿದು ಸ್ವಲ್ಪ ದೂರ ಸೈಕಲ್ ತಳ್ಳಿಕೊಂಡು ನಡೆದರೆ ಸಾಕು, ಪಾದ ಮಡಚಿ ಬಿಚ್ಚಿದಾಗ ರಕ್ತ ಬೇಗ ಇಳಿಯುತ್ತದೆ.

ಹಾಗಂತ ಕವರನ್ನು ಎಸೆದಿಲ್ಲ. ಜಿಟಿಜಿಟಿ ಮಳೆ, ಹಿಮದ ನೀರು ಸಿಡಿಯುವ ದಿನ ಅದೇ ಬೇಕು. ಶೂ ಪೂರ್ತಿ ನೆನೆಯುವುದನ್ನು ತಡೆಯುತ್ತದೆ, ಗಾಳಿಯನ್ನೂ ತಡೆಯುತ್ತದೆ. ಆ ದಿನಗಳಿಗೆ ಐದರಲ್ಲಿ ಮೂರು ಕೊಡುತ್ತೇನೆ, ಒಣ ಚಳಿಗೆ ಒಂದೂವರೆ. ಮಿಟ್‌ಗೆ ನಾಲ್ಕೂವರೆ, ಆ ಅರ್ಧ ಬೆಲ್ಲಿಗೆ ಕಡಿದದ್ದು.

ಕವರ್ ತಗೊಳ್ಳಲೇಬೇಕು ಅನ್ನುವವರು ಜಿಪ್ ಬದಲು ವೆಲ್ಕ್ರೋ ಇರುವುದನ್ನು ಹುಡುಕಿ. ಹೊಸ ಶೂ ತಗೊಳ್ಳುವವರು ದಪ್ಪ ಸಾಕ್ಸ್ ಹಾಕಿಕೊಂಡೇ ಅಳತೆ ನೋಡಿ. ಬೆರಳು ಒಳಗೆ ಅಲ್ಲಾಡಿಸಲು ಜಾಗ ಇರಬೇಕು. ಬಿಗಿ ಶೂಗೆ ಎರಡು ಜೊತೆ ಸಾಕ್ಸ್ ತುರುಕಿದರೆ ರಕ್ತ ಓಡಾಡುವುದೇ ಕಷ್ಟ, ಒಂದೇ ಜೊತೆ ಹಾಕಿದ್ದಕ್ಕಿಂತ ಬೇಗ ಮರಗಟ್ಟುತ್ತದೆ.